ಗಫಾರನ ಅರ್ಧಾಯು

ಗಫಾರನ ಗ್ರಹಚಾರಕ್ಕೆಲ್ಲ ಮೂಲ ಒಂದು ಗುಳಿಗೆ. ಥೈರಾಯ್ಡಿಗೆಂದು ಅದನ್ನು ನುಂಗಿಸಿದ ಬೆಂಗಳೂರಿನ ಡಾಕ್ಟರು, "ಇದರಲ್ಲಿ ವಿಕಿರಣ ಇದೆ. ಎಂಟು ದಿನಕ್ಕೆ ಅರ್ಧ ಆಗುತ್ತೆ. ಸ್ವಲ್ಪ ದಿನ ಮನೆಯವರಿಂದ ದೂರ ಇರಿ" ಎಂದಿದ್ದರು. ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಗಫಾರನಿಗೆ ಇದೇನು ಮಹಾ ಲೆಕ್ಕ! ಅರ್ಧ ಗೂಡು ಬಿಚ್ಚಲು ಎಷ್ಟು ಹೊತ್ತೋ ಉಳಿದರ್ಧಕ್ಕೂ ಅಷ್ಟೇ ಹೊತ್ತು. ಎಂಟಕ್ಕೆ ಎಂಟು ಸೇರಿಸಿ, ಹದಿನಾರನೆಯ ದಿನಕ್ಕೇ ಮಗಳು ಸುಹಾನಾಳ ನಿಶ್ಚಿತಾರ್ಥ ಇಟ್ಟುಕೊಂಡ. ಚನ್ನಪಟ್ಟಣದ ಗಂಡನ್ನು ಹುಡುಕಿದ್ದು ಹೆಂಡತಿ ರಹೀಮಾ. ಬೀಗರು ಇನ್ನೂ ಗಫಾರನ ಮುಖ ಕಂಡಿರಲಿಲ್ಲ.

ಆ ದಿನ ಹಿತ್ತಿಲ ನೂಲಿನ ಶೆಡ್ಡಿನ ಒಂಟಿ ವಾಸ ಮುಗಿಸಿ, ಮಿಂದು ಅತ್ತರು ಹಚ್ಚಿಕೊಂಡು ಮನೆಯ ಮುಂದಕ್ಕೆ ಬಂದ. ಎದುರುಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಬೋರಲಿಂಗಯ್ಯ ಆಗಲೇ ಎದುರಾಗಬೇಕೇ!

"ಪೂರ್ತಿ ಹೋಯ್ತು ಮೇಷ್ಟ್ರೇ, ಇವತ್ತಿಗೆ ಹದಿನಾರು!"

"ಎಲ್ಲೋಯ್ತದಯ್ಯಾ? ಮೊದ್ಲ ಎಂಟು ದಿನಕ್ಕೆ ಅರ್ಧ. ಆಮೇಲಿನ ಎಂಟ್ರಲ್ಲಿ ಉಳಿದಿದ್ರಲ್ಲಿ ಅರ್ಧ. ಇನ್ನೂ ಕಾಲು ಭಾಗ ನಿನ್ನೊಳಗೇ ಐತೆ."

"ಇನ್ನೆಂಟು ದಿನ ಬುಟ್ರೆ?"

"ಅರೆಕಾಲು."

"ಹಂಗಾದ್ರೆ ಮುಗಿಯೋದ್ಯಾವಾಗ?"

"ಲೆಕ್ಕದ ಪ್ರಕಾರ ಮುಗಿಯೋದೇ ಇಲ್ಲ ಕಣಯ್ಯಾ" ಎಂದರು ಮೇಷ್ಟ್ರು, ಫೇಲಾದ ಹುಡುಗನಿಗೆ ಅಂಕ ಓದಿ ಹೇಳುವಂತೆ.

ಪಕ್ಕದ ಮನೆಯ ಅತಿಯಾ ಕಿಟಕಿಯಿಂದಲೇ ಕೂಗಿದಳು: "ಯಾ ಅಲ್ಲಾ! ಕಾಲು ಭಾಗ ಐತಂತೆ! ಬೀಗರ ಪಕ್ಕ ಕೂತ್ರೆ ಅವ್ರ ಗತಿ ಏನು?"

ರಹೀಮಾ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. "ಹೋಗಿ ಶೆಡ್ಡಿಗೆ! ಗಂಡಿನವ್ರಿಗೆ ಗೊತ್ತಾದ್ರೆ ಸಂಬಂಧ ಮುರ್ದೋಯ್ತದೆ."

"ನನ್ನ ಮಗಳ ನಿಶ್ಚಿತಾರ್ಥ ಕಣೇ!"

"ಅದಕ್ಕೇ ಹೇಳ್ತಿರೋದು!"

ಶೆಡ್ಡಿನ ಬಾಗಿಲು ಹಾಕಿಕೊಂಡು ಗಫಾರ್ ಗಳಗಳನೆ ಅತ್ತುಬಿಟ್ಟ. ಅಲ್ಲಿ ಮಗಳ ಬೆರಳಿಗೆ ಉಂಗುರ ಬೀಳುವಾಗ ಹೆತ್ತ ಅಪ್ಪ ಇಲ್ಲಿ ಸತ್ತ ಹುಳುಗಳ ನಾತ ಕುಡಿಯುತ್ತ ಕೂತಿರಬೇಕು. ಥೂ, ಇದೂ ಒಂದು ಬಾಳೇ! ಡಾಕ್ಟರಿಗೆ ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಬಿರಿಯಾನಿಯ ಘಮ ಬಂತು, ಹೋಯಿತು. ಸಂಜೆಯ ಹೊತ್ತಿಗೆ ಪುಣ್ಯಾತ್ಮ ಸಿಕ್ಕಿದರು.

"ಡಾಕ್ಟ್ರೇ, ಇವತ್ತು ಮಗಳ ನಿಶ್ಚಿತಾರ್ಥ, ಇದು ಮುಗಿಯೋದೇ ಇಲ್ವಂತಲ್ಲ!"

"ಪೂರ್ತಿ ಸೊನ್ನೆ ಆಗಬೇಕಾಗಿಲ್ಲ ರೀ. ಯಾರಿಗೂ ತೊಂದರೆ ಆಗದಷ್ಟು ಇಳಿದ್ರೆ ಸಾಕು. ಬಹಳಷ್ಟು ಮೂತ್ರದಲ್ಲೇ ಹೊರಟುಹೋಗಿರುತ್ತೆ. ನಿಮಗೀಗ ಯಾವ ಅಡ್ಡಿಯೂ ಇಲ್ಲ, ಹೋಗಿ ಮಗಳ ಪಕ್ಕ ಕೂತ್ಕೊಳ್ಳಿ."

ಗಫಾರ್ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಬೀಗರು ಆಗಷ್ಟೇ ಹೊರಟುಹೋಗಿದ್ದರು.

"ಮುಂದಿನ ತಿಂಗಳೇ ಮದುವೆ" ಎಂದಳು ರಹೀಮಾ.

"ಹೋಗ್ಲಿ ಬುಡು, ಮದುವೇಲಿ ನಾನೇ ಮುಂದೆ ನಿಂತ್ಕೋತೀನಿ. ಡಾಕ್ಟ್ರು ಏನೂ ಇಲ್ಲ ಅಂದ್ಬುಟ್ರು!"

ರಹೀಮಾಳ ಮುಖ ಸಣ್ಣಗಾಯಿತು. "ಅಪ್ಪ ಎಲ್ಲಿ ಅಂತ ಬೀಗರು ಕೇಳುದ್ರು. ನಂಗೇನೂ ತೋಚ್ನಿಲ್ಲ. ಸೌದಿಗೆ ಕೆಲಸಕ್ಕೋಗವ್ರೆ ಅಂದ್ಬುಟ್ಟೆ."

"ಮದುವೆಗೆ ಬಂದವ್ರೆ ಅಂದ್ರಾಯ್ತು!"

"ಅದನ್ನೂ ಕೇಳುದ್ರು. ಎರಡು ವರ್ಷ ರಜಾನೇ ಕೊಡಕ್ಕಿಲ್ಲ ಅಂದ್ಬುಟ್ಟೆ."

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ಬೀಗಿತ್ತಿ ಮೊಬೈಲು ಮರೆತು ಹೋಗಿದ್ದರು.

ರಹೀಮಾ ಗಂಡನನ್ನು ಹಿತ್ತಿಲ ಬಾಗಿಲಿಂದ ಶೆಡ್ಡಿನ ಕಡೆ ನೂಕಿದಳು. "ಓಡಿ, ಓಡಿ ಸೌದಿಗೆ!"