ಹಾಲಿನ ಪುಡಿಗೆ ಬೇವಿನೆಲೆ

ನನಗೊಂದು ದೌರ್ಬಲ್ಯವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಡದೆ ಬಹಳ ದಿನ ಉಳಿಯುವ ಪದಾರ್ಥ ಕಂಡರೆ ನನಗೆ ಎಲ್ಲಿಲ್ಲದ ಉತ್ಸಾಹ. ಚಿನ್ನದಂಗಡಿಯ ಮುಂದೆ ಕೆಲವರ ಕಾಲು ತಾನಾಗಿ ನಿಧಾನವಾಗುತ್ತದಂತೆ. ನನಗೆ ಹಾಗಾಗುವುದು ಹುಣಸೆಹಣ್ಣಿನ ಗಡಿಗೆ, ಸಂಡಿಗೆ ಡಬ್ಬಿ, ಎರಡು ವರ್ಷದ ಉಪ್ಪಿನಕಾಯಿ ಜಾಡಿಗಳ ಮುಂದೆ. ಇದು ಕಸುಬಿನ ಕಾಯಿಲೆಯೂ ಇರಬಹುದು. ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಕಾಯಿ ನೋಡುವ ಕೆಲಸ ನನ್ನದು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಣಗಿದೆಯೋ ಇಲ್ಲವೋ ಹೇಳುತ್ತೇನೆ. ಬೀಜವನ್ನು ಅಂಗೈಯಲ್ಲಿ ಒತ್ತಿದರೆ ಅದು ಎಷ್ಟು ದಿನ ತಡೆಯುತ್ತದೆ ಎಂದು ಹೇಳುತ್ತೇನೆ. ಮಂಡಿಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಮನೆಯಲ್ಲಿ ಎದುರು ಬಿಟ್ಟರೆ ಬೇರೆ ಏನೂ ಇಲ್ಲ.

ಇಂಥ ನನ್ನನ್ನು ಹುಟ್ಟಿದಾಗಿನಿಂದ ಗೋಳು ಹೊಯ್ದುಕೊಂಡ ಪದಾರ್ಥವೆಂದರೆ ಹಾಲು. ನಮ್ಮ ಮನೆಯಲ್ಲಿ ಅವ್ವನ ಎಮ್ಮೆ ಐದು ಗಂಟೆಗೆ ಕೊಟ್ಟ ಹಾಲು ನಮ್ಮೂರ ಬೇಸಿಗೆಯಲ್ಲಿ ಹತ್ತು ಗಂಟೆಗೆ ಮುನಿಸಿಕೊಳ್ಳುತ್ತದೆ. ಕಾಯಿಸಬೇಕು, ಆರಿಸಬೇಕು, ಮುಚ್ಚಬೇಕು, ಬೆಕ್ಕನ್ನು ಓಡಿಸಬೇಕು. ಇಷ್ಟು ಮಾಡಿದರೂ ನೆಂಟರು ಬಂದು ಕೂತ ಹೊತ್ತಿಗೇ ಒಳಗಿನಿಂದ ನನ್ನ ಹೆಂಡತಿ ಗಿರಿಜೆ ಬಾಗಿಲ ಸಂದಿಯಲ್ಲಿ ನಿಂತು ಕೈಸನ್ನೆಯಲ್ಲಿ "ಒಡೀತು" ಎನ್ನುತ್ತಾಳೆ. ಆಮೇಲೆ ನಾನು ಟವೆಲ್ ಹೆಗಲಿಗೆ ಹಾಕಿಕೊಂಡು, ಏನೋ ದೊಡ್ಡ ಕೆಲಸವಿದ್ದವನಂತೆ ಹಿತ್ತಲ ಬಾಗಿಲಿನಿಂದ ಡೈರಿಗೆ ಓಡಬೇಕು.

ಆದ್ದರಿಂದ, ಹೊಸದಾಗಿ ತೆರೆದ ದೊಡ್ಡ ಅಂಗಡಿಯ ಮೂಲೆಯಲ್ಲಿ ಹಾಲಿನ ಪುಡಿಯ ಡಬ್ಬಿಗಳ ಸಾಲನ್ನು ಕಂಡ ದಿನ ನನಗೆ ಹೇಗಾಗಿರಬೇಡ! ಹಾಲು, ಅದೂ ಪುಡಿ, ಅದೂ ತಿಂಗಳುಗಟ್ಟಲೆ ಇರುತ್ತದೆ! ಇಷ್ಟು ವರ್ಷ ಇದನ್ನು ಯಾರೂ ನನಗೆ ಹೇಳಲಿಲ್ಲವಲ್ಲ ಎಂದು ಊರಿನ ಮೇಲೆಯೇ ಸಿಟ್ಟು ಬಂತು. ಒಂದು ಡಬ್ಬಿ ತೆಗೆದು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸರಸರ ಎಂದಿತು, ಒಣಗಿದೆ. ಇನ್ನೊಂದನ್ನು ಅಲ್ಲಾಡಿಸಿದೆ. ದಪ್ ಎಂದಿತು, ಗಂಟು ಕಟ್ಟಿದೆ, ಬೇಡ. ಅಂಗಡಿಯ ಹುಡುಗಿ ಬಂದು ಏನು ಬೇಕು ಸಾರ್ ಎಂದಳು. ಮಂಡಿಯಲ್ಲಿ ಕೇಳುವ ಹಾಗೆಯೇ, ಚೀಲಕ್ಕೆ ಕೊಕ್ಕೆ ಚುಚ್ಚಿ ಒಂದು ಹಿಡಿ ಮಾದರಿ ತೋರಿಸಮ್ಮ ಎಂದೆ. ಆಕೆ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಮೊದಲ ಸಲ ಮೋಸ ಹೋದೆ. ಚಹಾಕ್ಕೆ ಹಾಕುವ ಸಕ್ಕರೆ ಬೆರೆತ ಪುಡಿಯನ್ನು ತಂದು, ಅದರಲ್ಲೇ ಹಾಲು ಮಾಡಿ ಹೆಪ್ಪು ಹಾಕಿಸಿದೆ. ಮಾರನೆಯ ದಿನ ಮಜ್ಜಿಗೆ ಹುಳಿಯನ್ನು ಪಾಯಸವೆಂದು ತಿಳಿದು ತಿನ್ನಬೇಕಾಯಿತು. ಅಲ್ಲಿಂದ ಜಾಗರೂಕನಾದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ. ಕೆನೆ ಇರುವುದು ಬೇರೆ, ಕೆನೆ ತೆಗೆದದ್ದು ಬೇರೆ, ಸಕ್ಕರೆಯದು ಬೇರೆ. ಕೆನೆ ತೆಗೆದದ್ದು ಹೆಚ್ಚು ದಿನ ಬಾಳುತ್ತದೆ, ಕೆನೆ ಇರುವುದು ರುಚಿ. ಕುದಿಯುವ ನೀರಿಗೆ ಸುರಿದರೆ ಗಂಟಾಗುತ್ತದೆ. ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ಮೊದಲು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮಿಕ್ಕ ನೀರು ಬಿಡಬೇಕು. ಒದ್ದೆ ಚಮಚ ಡಬ್ಬಿಗೆ ತಾಗಿಸಿದವರಿಗೆ ನಮ್ಮ ಮನೆಯಲ್ಲಿ ಕ್ಷಮೆ ಇಲ್ಲ. ಇಷ್ಟೆಲ್ಲ ಕಲಿತ ಮೇಲೆ ಮಂಡಿಯಲ್ಲಿ ಶೇಂಗಾ ಮಾರಲು ಬಂದ ರೈತರಿಗೂ ಹೇಳತೊಡಗಿದೆ. ಪರಶುರಾಂಪುರದ ಕುರಿ ಸಾಕುವ ರೈತರೊಬ್ಬರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಸ್ವಾಮಿ, ಕಾಯಿಗೆ ಏನ್ ರೇಟು?" ಎಂದರು.

ಒಂದೇ ಒಂದು ಸಣ್ಣ ಸುಧಾರಣೆಯನ್ನು ನಾನಾಗಿಯೇ ಮಾಡಿದೆ. ಬಿತ್ತನೆ ಬೀಜಕ್ಕೂ ಕಾಳಿಗೂ ಹುಳ ಬೀಳದಿರಲಿ ಎಂದು ನಾವು ಒಣಗಿದ ಬೇವಿನೆಲೆ ಹಾಕಿಡುವುದು ಲಾಗಾಯ್ತಿನಿಂದ ಬಂದದ್ದು. ಹಾಲಿನ ಪುಡಿ ಮಾತ್ರ ಏನು ಪಾಪ ಮಾಡಿದೆ? ದೊಡ್ಡ ಡಬ್ಬಿಗೆ ನಾಲ್ಕು ಎಸಳು ಇಳಿಸಿದೆ. ಗಿರಿಜೆ "ಅದು ಕಾಳಲ್ಲ ಕಣ್ರೀ" ಎಂದಳು. ಇಪ್ಪತ್ತೈದು ವರ್ಷ ಸರ್ವೀಸಾದ ಮನುಷ್ಯನಿಗೆ ಹೇಳುವ ಮಾತೇ ಅದು? ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವ ಆ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಎಮ್ಮೆ ಕಟ್ಟಿದ ಮನೆಯಲ್ಲಿ ಸುಣ್ಣದ ಪುಡಿ ಕಲಸಿ ಕುಡಿಯುವಂಥದ್ದು ಏನು ಬಂದಿದೆ ಎಂದು ಎಮ್ಮೆಯ ಹತ್ತಿರವೇ ಹೇಳಿಕೊಂಡು ಬೇಸರಪಟ್ಟಳಂತೆ.

ಹೀಗಿರುವಾಗ ಮೊಳಕಾಲ್ಮೂರಿನಲ್ಲಿ ನನ್ನ ತಂಗಿ ಶಾಂತಳ ಮನೆಯ ಗೃಹಪ್ರವೇಶ ಬಂತು. ಆ ಮನೆ ಏಳುವುದಕ್ಕೆ ಆರು ವರ್ಷ ಹಿಡಿದಿತ್ತು. ಬೋರ್ ಕೊರೆಸಿದರೆ ನೀರಿಲ್ಲ, ಗೋಡೆ ಎಬ್ಬಿಸಿದರೆ ಮೇಸ್ತ್ರಿ ಬಿದ್ದು ಕಾಲು ಮುರಿದುಕೊಂಡ. ಪ್ರತಿ ಸಲವೂ ಶಾಂತಳ ಅತ್ತೆ ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ, "ಕಾಲ್ಗುಣ" ಎಂದು ಒಂದೇ ಮಾತು ಆಡುತ್ತಿದ್ದರು. ಪಾಪದ ಹುಡುಗಿ ಆರು ವರ್ಷ ಅದನ್ನು ನುಂಗಿಕೊಂಡಿದ್ದಳು. ಹೊಸ ಒಲೆಯ ಮೇಲೆ ತವರಿನ ಹಾಲು ಉಕ್ಕಬೇಕು, ಅದೂ ಪೂರ್ವದ ಕಡೆಗೆ ಉಕ್ಕಬೇಕು, ಆಗ ಆ ಬಾಯಿ ಮುಚ್ಚುತ್ತದೆ ಎಂದು ಅವ್ವ ನಿಶ್ಚಯಿಸಿದಳು. ಬೆಳಗ್ಗೆ ತಾನೇ ಹಾಲು ಕರೆದು, ಕ್ಯಾನಿಗೆ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಬಂದವರ ಚಹಾಕ್ಕೆ ಹಾಲು ಸಾಲದಿದ್ದರೆ ಇರಲಿ ಎಂದು ನಾನು ನನ್ನ ದೊಡ್ಡ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ತಳಕು ದಾಟುವ ಹೊತ್ತಿಗೆ ಅವ್ವನ ಮಂಡಿ ನೋಯತೊಡಗಿತು. ನಾನೇ ಕ್ಯಾನ್ ಇಸಿದುಕೊಂಡು, ಅಲ್ಲಾಡದ ಜಾಗ ನೋಡಿ, ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಭದ್ರವಾಗಿ ಇಟ್ಟೆ. ಅದು ಕಾದ ಹಂಚಿನಂತೆ ಸುಡುತ್ತದೆ ಎಂಬುದು ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಹೊಸ ಮನೆಯ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಹಿಂದೆ ಕ್ಯಾನಿನ ಮುಚ್ಚಳ ತೆಗೆದು ನೋಡಿದೆ. ಹಾಲು ಒಂದು ಕಡೆ, ನೀರು ಒಂದು ಕಡೆ. ಮುಹೂರ್ತಕ್ಕೆ ಇನ್ನು ಕಾಲು ಗಂಟೆ. ತವರಿನ ಹಾಲು ಒಡೆಯಿತು ಎಂದು ಒಳಗೆ ಒಬ್ಬರಿಗೆ ಗೊತ್ತಾದರೂ ಸಾಕು, ಶಾಂತ ಆ ಮನೆಯಲ್ಲಿ ಜೀವಮಾನವಿಡೀ ತಲೆ ಎತ್ತುವ ಹಾಗಿಲ್ಲ. ಬುದ್ಧಿ ಇದ್ದವನಾದರೆ ಓಡಿ ಹೋಗಿ ಎರಡು ಪ್ಯಾಕೆಟ್ ಹಾಲು ತರುತ್ತಿದ್ದ. ನನಗೆ ಹೊಳೆದದ್ದು ಡಬ್ಬಿ! ನಿಜ ಹೇಳುತ್ತೇನೆ, ಗಾಬರಿಯ ನಡುವೆಯೂ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಪುಡಿಯ ಕಾಲ ಬಂದಿತ್ತು. ಒಡೆದ ಹಾಲನ್ನು ತೆಂಗಿನ ಸಸಿಯ ಬುಡಕ್ಕೆ ಸುರಿದೆ, ಕ್ಯಾನ್ ತೊಳೆದೆ, ಅಡುಗೆಯವರ ಹಂಡೆಯಿಂದ ಬೆಚ್ಚಗಿನ ನೀರು ತಂದೆ, ದೋಸೆ ಹಿಟ್ಟಿನ ಹದಕ್ಕೆ ಕಲಸಿದೆ, ನೀರು ಬಿಟ್ಟೆ. ಒಂದು ಗಂಟಿಲ್ಲ! ಅಂಥ ಕೈಚಳಕವನ್ನು ನೋಡುವುದಕ್ಕೆ ಅಲ್ಲಿ ಒಬ್ಬರೂ ಇರಲಿಲ್ಲ.

ಒಲೆ ಹೊತ್ತಿಸಿದರು. ಅರಿಶಿನ ಹಚ್ಚಿದ ಹೊಸ ಪಾತ್ರೆಗೆ ಶಾಂತ ಹಾಲು ಸುರಿದಳು. ಎಲ್ಲರ ಕಣ್ಣು ಪಾತ್ರೆಯ ಮೇಲೆ, ನನ್ನ ಜೀವ ಪಾತ್ರೆಯ ಒಳಗೆ. ಪುಡಿಯ ಹಾಲು ಉಕ್ಕುತ್ತದೆಯೇ? ಡಬ್ಬಿಯ ಹಿಂದೆ ಅದೊಂದನ್ನು ಬರೆದಿರಲಿಲ್ಲ. ಅಂಚಿನಲ್ಲಿ ನೊರೆ ಕಟ್ಟಿತು. ನಿಂತಿತು. ಮತ್ತೆ ಕಟ್ಟಿತು. ಆಮೇಲೆ ನೋಡಿ, ಬುಸ್ಸೆಂದು ಎದ್ದು, ಕಂಠ ದಾಟಿ, ಪೂರ್ವದ ಕಡೆಗೇ ಸುರಿಯಿತು! ಹೆಂಗಸರು ಆರತಿ ಎತ್ತಿದರು. ಶಾಂತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮೀಸೆಯ ಮೇಲೆ ಕೈ ಆಡಿಸಿದೆ.

ಹಾಲನ್ನು ಸಣ್ಣ ಲೋಟಗಳಿಗೆ ಬಗ್ಗಿಸಿ ಹಂಚಿದರು. ಮೊದಲ ಗುಟುಕು ಕುಡಿದವರು ಪಕ್ಕದ ಮನೆಯ ಪದ್ಮಾವತಮ್ಮ. ರೇಷ್ಮೆ ಸೀರೆ ನೇಯುವ ಮನೆಯವರು, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಅವರ ಮುಖ ಹಿಂಡಿದ ನಿಂಬೆಹಣ್ಣಾಯಿತು. ಲೋಟದೊಳಗೆ ಇಣುಕಿ, "ಏಮಪ್ಪಾ ಇದು, ಚೇದು ಐತಲ್ಲ, ಕಹಿ. ಹಸಿರು ಹಸಿರಾಗಿ ಏನೋ ತೇಲ್ತೈತೆ" ಎಂದರು. ಆಗ ನನಗೆ ನೆನಪಾಯಿತು. ಒಣಗಿದ ನಾಲ್ಕು ಎಸಳು, ಚಳ್ಳಕೆರೆಯಿಂದ ಅಲ್ಲಿಯವರೆಗಿನ ರಸ್ತೆಯ ಕುಲುಕಾಟ. ಡಬ್ಬಿಯೊಳಗೆ ಬೇವು ನುಣ್ಣಗೆ ಪುಡಿಯಾಗಿ ಪುಡಿಗೆ ಪುಡಿ ಸೇರಿತ್ತು.

ಶಾಂತಳ ಅತ್ತೆಯವರೂ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಬಾಯಿ ತೆರೆದರು. ಏನು ಹೇಳಲಿದ್ದಾರೆ ಎಂದು ನನಗೆ ಗೊತ್ತಿತ್ತು. ಅವರಿಗಿಂತ ಮೊದಲು ನನ್ನ ನಾಲಿಗೆ ಓಡಿತು. ತವರಿನ ಹಾಲಿಗೆ ಚಿಟಿಕೆ ಬೇವು ಹಾಕುವುದು ನಮ್ಮ ಚಳ್ಳಕೆರೆ ಕಡೆಯ ಪದ್ಧತಿ, ಮನೆಗೆ ಬರುವ ಕಹಿಯನ್ನೆಲ್ಲ ಮೊದಲ ದಿನವೇ ಕುಡಿದು ಮುಗಿಸಿಬಿಡಬೇಕು ಎಂದು ನಮ್ಮ ಹಿರಿಯರು ಮಾಡಿದ್ದು ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಅದು ಚೆನ್ನಾಗಿದೆ ಅನ್ನಿಸಿತು.

ಅತ್ತೆಯವರು ನನ್ನನ್ನು ನೋಡಲಿಲ್ಲ. ನೇರವಾಗಿ ಅವ್ವನ ಕಡೆ ತಿರುಗಿ, "ಹೌದೇನ್ರಿ? ನಾವು ಕೇಳಿದ್ದೇ ಇಲ್ಲ" ಎಂದರು.

ನನ್ನ ಅವ್ವ ಎಪ್ಪತ್ತೆರಡು ವರ್ಷದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕಂಡವನಲ್ಲ. ಅವಳು ಲೋಟವನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು. ನನ್ನ ಚೀಲದ ಕಡೆ ನೋಡಿದಳು. ಆಮೇಲೆ ಶಾಂತಳ ಮುಖವನ್ನು ಬಹಳ ಹೊತ್ತು ನೋಡಿದಳು. ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟಳು.

"ಐತೆ. ನಮ್ಮ ಕಡೆ ಐತೆ. ಬೇವು ಒಂದೀಟು ಕಮ್ಮಿ ಬಿದ್ದೈತೆ, ಅಷ್ಟೆ."

ನಾನು ಉಸಿರು ಬಿಟ್ಟೆ. ಅವ್ವ ಮುಗಿಸಿರಲಿಲ್ಲ.

"ಹಾಲು ಹೊತ್ತು ತಂದ ಅಣ್ಣ ಉಳಿದಿದ್ದನ್ನ ಪೂರ್ತಿ ಕುಡೀಬೇಕು. ಅದೂ ಪದ್ಧತಿ. ಕೊಡ್ರಿ ಅವನಿಗೆ, ದೊಡ್ಡ ಲೋಟದಾಗೆ."

ಕುಡಿದೆ. ತಳದಲ್ಲಿ ಇಳಿದಿದ್ದ ಬೇವೆಲ್ಲ ನನ್ನ ಪಾಲಿಗೆ ಬಂತು. ಪದ್ಮಾವತಮ್ಮ ಭಕ್ತಿಯಿಂದ ಕೈ ಮುಗಿದರು. ಅತ್ತೆಯವರು, ಹಾಲೇನೋ ಪೂರ್ವಕ್ಕೇ ಉಕ್ಕಿತು ಎಂದು ಒಪ್ಪಿಕೊಂಡು, ಮೊದಲ ಸಲ ಶಾಂತಳನ್ನು ಹತ್ತಿರ ಕರೆದು ಕುಂಕುಮ ಹಚ್ಚಿದರು. ಅವಳ ಮುಖ ನೋಡಿದ ಮೇಲೆ ಇನ್ನೊಂದು ಲೋಟ ಕೊಟ್ಟಿದ್ದರೂ ಕುಡಿಯುತ್ತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನ ಪಕ್ಕ ಕೂತು, ನಿನಗೆ ಯಾವಾಗ ಗೊತ್ತಾಯಿತು ಎಂದು ಮೆಲ್ಲಗೆ ಕೇಳಿದೆ. ಅವ್ವ ಕಿಟಕಿಯ ಕಡೆಯೇ ನೋಡುತ್ತಾ, "ಬರೋವಾಗ ಬಸ್ಸಿನಾಗೇ ಒಡೆದ ವಾಸನೆ ಬಂದಿತ್ತು ಕಣಪ್ಪ. ನಿನ್ನ ಪುಡಿ ಏನ್ ಮಾಡ್ತೈತೋ ನೋಡಾನ ಅಂತ ಸುಮ್ಮನಿದ್ದೆ" ಎಂದಳು.

ಇದಾಗಿ ಎರಡು ವರ್ಷವಾಯಿತು. ಈಗ ಮೊಳಕಾಲ್ಮೂರಿನ ಆ ಬೀದಿಯಲ್ಲಿ ಯಾರು ಹೊಸ ಮನೆ ಕಟ್ಟಿದರೂ ಚಳ್ಳಕೆರೆಯ ಬೇವಿನ ಹಾಲು ಬೇಕೇ ಬೇಕು. ಅದನ್ನು ತಂದ ಅಣ್ಣನೂ ಬೇಕು, ಅವನು ಕೊನೆಗೆ ದೊಡ್ಡ ಲೋಟ ಕುಡಿಯಲೂ ಬೇಕು. ಇಲ್ಲಿಯವರೆಗೆ ನಾಲ್ಕು ಮನೆಯಲ್ಲಿ ಕುಡಿದಿದ್ದೇನೆ. ಆ ಹಳೆಯ ಡಬ್ಬಿಯ ಮೇಲೆ ಬರೆದಿದ್ದ ವಾಯಿದೆ ಎಂದೋ ಮುಗಿಯಿತು. ನನ್ನ ಸುಳ್ಳು ಮಾತ್ರ ಒಂದಿಷ್ಟೂ ಗಂಟು ಕಟ್ಟದೆ ಹಾಗೇ ಇದೆ.

ಮೊನ್ನೆ ಪದ್ಮಾವತಮ್ಮ ಫೋನ್ ಮಾಡಿದ್ದರು. ಅವರ ಮಗ ಮಗ್ಗದ ಮನೆ ಕಟ್ಟಿಸಿದ್ದಾನಂತೆ, ಭಾನುವಾರ ಹಾಲುಕ್ಕಿಸುತ್ತಾರಂತೆ. ನಾನು ಹೊಸ ಡಬ್ಬಿ ತಂದು, ಕಿವಿಯ ಹತ್ತಿರ ಅಲ್ಲಾಡಿಸಿ, ಕಪಾಟಿನಲ್ಲಿ ಇಟ್ಟಿದ್ದೇನೆ. ಅಂಗಳದಲ್ಲಿ ಅವ್ವ ಮೊರದ ತುಂಬ ಬೇವಿನೆಲೆ ಒಣಹಾಕಿದ್ದಾಳೆ. ಇಷ್ಟೊಂದು ಯಾಕವ್ವಾ ಎಂದರೆ, ಹೋದ ಸಲ ಕಮ್ಮಿ ಬಿದ್ದಿತ್ತು ಎನ್ನುತ್ತಾಳೆ.