ಪತ್ತೆಯಾಗದ ಎಂಟು ಜಿಬಿ

ನೀರು ಸರಬರಾಜು ಕಚೇರಿಯ ಮೂರನೇ ನಂಬರ್ ಕಂಪ್ಯೂಟರಿನಲ್ಲಿ ಹದಿನಾರು ಜಿಬಿ ಮೆಮೊರಿ ಇದೆ ಎಂಬುದು ದಾಸ್ತಾನು ಪುಸ್ತಕದಿಂದ ಸಾಬೀತಾದ ಸಂಗತಿ. ಎಂಟರ ಮೆಮೊರಿ ಪಟ್ಟಿ ಒಂದು, ಎಂಟರದೇ ಇನ್ನೊಂದು, ಎರಡಕ್ಕೂ ಸಾಹೇಬರ ಸಹಿ. ಆದರೂ ಸೋಮವಾರ ಬೆಳಿಗ್ಗೆ ಕಂಪ್ಯೂಟರು ತನ್ನೊಳಗೆ ಎಂಟೇ ಇದೆ ಎಂದು ಪರದೆಯ ಮೇಲೆ ಹೇಳಿಕೊಂಡಿತು. ಆ ಹೇಳಿಕೆಗೆ ಯಾರ ಸಹಿಯೂ ಇರಲಿಲ್ಲ.

ದೂರು ವಿಭಾಗದ ಗುಮಾಸ್ತೆ ಕೂಡಲೇ ರಿಪೇರಿಯವನಿಗೆ ಫೋನ್ ಮಾಡಿದಳು. ಇಡೀ ಊರಿನ ಕೊಳವೆಗಳ ನಕ್ಷೆ ತೆರೆಯಲು ಹದಿನಾರೂ ಬೇಕು. ನಕ್ಷೆ ನೋಡದೆ ಚೀಟಿ ಬರೆಯುವಂತಿಲ್ಲ, ಚೀಟಿ ಇಲ್ಲದೆ ವಾಲ್ವಿನವನು ವಾಲ್ವ್ ಮುಟ್ಟುವಂತಿಲ್ಲ. ಒಂಬತ್ತು ದಿನದಿಂದ ನೀರು ಕಾಣದ ಬೀದಿಯೋ, ಅವಳದೇ. ಮನೆಯಲ್ಲಿ ಅತ್ತೆ ದಿನಾ ಸಂಜೆ ಖಾಲಿ ಬಕೆಟ್ಟುಗಳನ್ನು ಬಾಗಿಲಲ್ಲಿ ಸಾಲಾಗಿ ಇಟ್ಟು ಸೊಸೆಯನ್ನು ಬರಮಾಡಿಕೊಳ್ಳುತ್ತಿದ್ದರು.

ರಿಪೇರಿಯವನು ಬಂದು ನೋಡಿದ. "ಒಂದು ಪಟ್ಟಿ ಸರಿಯಾಗಿ ಕೂತಿಲ್ಲ ಮೇಡಂ. ಬಿಚ್ಚಿ, ಅದರ ಅಂಚನ್ನ ರಬ್ಬರಲ್ಲಿ ಉಜ್ಜಿ, ಮತ್ತೆ ಒತ್ತಿದ್ರಾಯ್ತು. ಹತ್ತು ನಿಮಿಷ."

"ರಬ್ಬರ್ ನನ್ನ ಡ್ರಾಯರಲ್ಲೇ ಇದೆ," ಎಂದಳು ಗುಮಾಸ್ತೆ.

"ತಡೀರಿ." ಹೆಡ್‌ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು. "ಆ ರಬ್ಬರ್ ಕೊಟ್ಟಿರೋದು ಕಾಗದದ ಮೇಲಿನ ಬಳಕೆಗೆ. ಯಂತ್ರ ಉಜ್ಜೋಕಲ್ಲ. ಮೇಲಾಗಿ ಕಂಪ್ಯೂಟರಿನ ಡಬ್ಬಕ್ಕೆ ಸೀಲಿದೆ. ಸೀಲ್ ಒಡೀಬೇಕಂದ್ರೆ ಒಳಗೆ ದೋಷ ಇದೆ ಅಂತ ನೀವು ಬರೆದುಕೊಡಬೇಕು."

"ಒಳಗೆ ನೋಡದೆ ಹೇಗೆ ಬರೀಲಿ ಸಾರ್?"

"ನೋಡಬಾರದು ಅಂತಾನೇ ಸೀಲ್ ಹಾಕಿರೋದು."

ರಿಪೇರಿಯವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂದು ಹೋದ. ಮಧ್ಯಾಹ್ನ ಮೂವರ ಸಮಿತಿ ಕೂತಿತು. ಸಂಜೆ ಡಬ್ಬದ ಮೇಲೊಂದು ನೋಟಿಸು ಅಂಟಿತು:

"ಎರಡನೇ ಮೆಮೊರಿ ಪಟ್ಟಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ದಾಸ್ತಾನಿನಲ್ಲಿದ್ದೂ ಯಂತ್ರಕ್ಕೆ ಕಾಣಿಸಿಕೊಳ್ಳದೆ ಕರ್ತವ್ಯಲೋಪ ಎಸಗಿರುತ್ತೀರಿ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಪಟ್ಟಿ ಸಮಜಾಯಿಷಿ ನೀಡಲಿಲ್ಲ. ಅದರ ಮೌನವನ್ನು ತಪ್ಪೊಪ್ಪಿಗೆಯೆಂದು ದಾಖಲಿಸಿ, ಇದ್ದಲ್ಲಿಯೇ ಅಮಾನತಿನಲ್ಲಿ ಇಡಲಾಯಿತು.

"ಉಳಿದ ಎಂಟರಲ್ಲಿ ಎಷ್ಟು ಊರು ತೆರೆಯುತ್ತೆ?" ಹೆಡ್‌ಗುಮಾಸ್ತರು ಕೇಳಿದರು.

"ಅರ್ಧ ಸಾರ್. ರೈಲು ಹಳಿಯಿಂದ ಈಚೆಗಿನದು."

"ಅಷ್ಟನ್ನೇ ತೆಗೀರಿ. ಕೆಲಸ ನಿಲ್ಲಬಾರದು."

"ನಮ್ಮ ಬೀದಿ ಹಳಿಯಾಚೆ ಇದೆ ಸಾರ್."

"ಇಲ್ಲ ಅಂದೆನಾ ನಾನು? ಪತ್ತೆಯಾಗಿಲ್ಲ, ಅಷ್ಟೆ."

ಪತ್ತೆಯಾಗದ ಬೀದಿಗಳಿಂದ ದೂರು ಉದ್ಭವಿಸತಕ್ಕದ್ದಲ್ಲ ಎಂದು ಸುತ್ತೋಲೆ ಹೊರಟಿತು. ಒಂದೇ ವಾರದಲ್ಲಿ ದೂರುಗಳು ಅರ್ಧಕ್ಕಿಳಿದವು. ಮೇಲಿನಿಂದ ಪ್ರಶಂಸಾಪತ್ರ ಬಂತು, ಅದಕ್ಕೆ ಗಾಜು ಹಾಕಿಸಿದರು.

ಉಳಿದದ್ದು ಒಂದೇ ತೊಡಕು. ಗೋಡೆಯ ಮೇಲಿದ್ದ, ಯಾವ ಕಾಲದಲ್ಲೋ ಪೆನ್ಸಿಲಿನಲ್ಲಿ ಬರೆದ ಹಳೆಯ ನಕ್ಷೆ. ಅದು ಇನ್ನೂ ಇಡೀ ಊರನ್ನು ತೋರಿಸುತ್ತಿತ್ತು.

"ಎರಡೂ ತಾಳೆಯಾಗಬೇಕಲ್ಲಮ್ಮ," ಎಂದರು ಹೆಡ್‌ಗುಮಾಸ್ತರು. "ನಿಮ್ಮ ಹತ್ತಿರ ರಬ್ಬರ್ ಇದೆಯಲ್ಲ? ಇದು ಕಾಗದ. ಧಾರಾಳವಾಗಿ ಬಳಸಬಹುದು."

ಗುಮಾಸ್ತೆ ಸ್ಟೂಲ್ ಹತ್ತಿದಳು. ಹಳಿಯಿಂದ ಶುರುಮಾಡಿ ಶಾಲೆ, ಆಸ್ಪತ್ರೆ, ಮಾರುಕಟ್ಟೆ ಎಲ್ಲವನ್ನೂ ಉಜ್ಜಿದಳು. ತನ್ನ ಬೀದಿಯನ್ನು ಬಿಟ್ಟು ಪಕ್ಕದ್ದಕ್ಕೆ ಹೋದಳು. ಹಿಂದಿನಿಂದ ಹೆಡ್‌ಗುಮಾಸ್ತರು ಕೆಮ್ಮಿದರು. ಅದನ್ನೂ ಉಜ್ಜಿದಳು.

ಮರುದಿನ ಅತ್ತೆ ಬಕೆಟ್ ಸಮೇತ ಕೌಂಟರಿಗೇ ಬಂದರು.

"ಯಾವ ಬೀದಿ?" ಕಿಟಕಿಯೊಳಗಿಂದ ಸೊಸೆ ಕೇಳಿದಳು. ಕೇಳಲೇಬೇಕೆಂದು ನಿಯಮ.

"ನಿನ್ನ ಬೀದಿ ಕಣೇ."

"ಅದು ಪತ್ತೆಯಾಗಿಲ್ಲ ಅತ್ತೆ."

ಅತ್ತೆ ಬಕೆಟ್ ಕೆಳಗಿಟ್ಟರು. "ಮತ್ತೆ ದಿನಾ ಬೆಳಿಗ್ಗೆ ಎಲ್ಲಿಂದ ಬರ್ತೀಯ ಕೆಲಸಕ್ಕೆ?"

"ಅರ್ಜಿಯಲ್ಲಿ ಅದಕ್ಕೆ ಜಾಗ ಇಲ್ಲ."

"ನಮ್ಮದೂ ಪತ್ತೆಯಾಗದ್ದೇ ಅಮ್ಮ," ಎಂದ ಹಿಂದೆ ನಿಂತಿದ್ದ ದರ್ಜಿ. "ನಮ್ಮ ಸಾಲು ಆ ಕಡೆ."

ಕಚೇರಿಯ ಅಂಗಳದ ನಲ್ಲಿಯ ಮುಂದೆ ಹಳಿಯಾಚೆಯವರೆಲ್ಲ ಶಿಸ್ತಾಗಿ ನಿಂತಿದ್ದರು. ಮೇಲೆ ಅಂದೇ ಬೆಳಿಗ್ಗೆ ಹಾಕಿದ ಹೊಸ ಫಲಕ: "ಪತ್ತೆಯಾಗದವರಿಗೆ ಮಾತ್ರ. ತಲಾ ಎರಡು ಬಕೆಟ್." ಯಾರ ಮುಖದಲ್ಲೂ ಬೇಸರವಿರಲಿಲ್ಲ. ಹಳಿಯೀಚೆಯ ಇಬ್ಬರು, ತಮ್ಮ ಬೀದಿಯನ್ನೂ ಅಳಿಸಿಕೊಡಲಾಗುತ್ತದೆಯೇ ಎಂದು ವಿಚಾರಿಸಲು ಬಂದಿದ್ದರು.

ಅತ್ತೆ ಎರಡು ಬಕೆಟ್ ತುಂಬಿಸಿಕೊಂಡು ಕಿಟಕಿಗೆ ವಾಪಸಾದರು.

"ನಿನಗೂ ಎರಡು ಸಿಗುತ್ತಾ?"

"ಸಿಗುತ್ತೆ."

"ಮತ್ತೆ ಮುಖ ಯಾಕೆ ಹಾಗೆ ಊದಿಸ್ಕೊಂಡಿದ್ದೀಯ? ಸಂಜೆ ತುಂಬಿಸ್ಕೊಂಡು ಬಾ. ನಕ್ಷೆ ನೋಡ್ಕೊಂಡು ಬರಬೇಡ, ಮನೆ ಸಿಗಲ್ಲ."