ಜುಮ್ಮಾ ದಿನದ ಚಪ್ಪಲಿ

ದುಡಿಯುವ ದಿನ ಆರಾಮಾಗಿದ್ದು, ಸೂಟಿಯ ದಿನವೇ ಮೈ ಹಣ್ಣು ಮಾಡಿಕೊಳ್ಳುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಒಬ್ಬನನ್ನು ನೋಡಿದ್ದೇನೆ. ಅದೃಷ್ಟವೋ ಗ್ರಹಚಾರವೋ, ಅವನು ನನ್ನ ಸ್ವಂತ ಅಣ್ಣ.

ನಿಜಾಮರ ಕಾಲ. ಅಣ್ಣ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ಶುಕ್ರವಾರ, ಅಂದರೆ ಜುಮ್ಮಾ, ಕಚೇರಿಗೆ ಸೂಟಿ. ಕಚೇರಿಗೆ ಸೂಟಿಯಾದರೆ ಜವಾನನಿಗೂ ಸೂಟಿ ಅಂದುಕೊಂಡಿರಾ? ಅವತ್ತೇ ಸಾಹೇಬರ ಮನೆಯ ಕೆಲಸ ಜಾಸ್ತಿ.

"ನಾಳೆ ಸಿಂಧನೂರಿಗೆ ಹೋಗಿ ಒಳ್ಳೇ ಅಕ್ಕಿ ತಗೊಂಡು ಬಾ" ಎಂದರಂತೆ ಸಾಹೇಬರು ಒಂದು ಗುರುವಾರ.

"ನಾಳೆ ಜುಮ್ಮಾ ರೀ ಸಾಹೇಬ್ರ. ನೀವು ನಮಾಜಿಗೆ ಹೋಗ್ತೀರಿ, ನಾ ನಮ್ಮೂರಿಗೆ ಹೋಗ್ತೀನಿ."

"ಊರಾಗ ಏನು ಕೆಲಸ?"

"ಏನಿಲ್ರಿ. ನಡ್ಯೂದೈತಿ."

ಸಾಹೇಬರು ತಮಾಷೆ ಎಂದುಕೊಂಡು ನಕ್ಕು, ಬೇರೆಯವರಿಂದ ಅಕ್ಕಿ ತರಿಸಿದರು. ಆದರೆ ಅಣ್ಣ ಹೇಳಿದ್ದು ಖರೇನೇ. ಮಸ್ಕಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಮ್ಮ ಕೇರಿಯವರು ಗೌಡರ ಮನೆ ದಾಟುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಅಣ್ಣ ಪ್ರತಿ ಜುಮ್ಮಾ ಸಿಕ್ಕ ಬಂಡಿ ಹತ್ತಿ ಬಂದು, ಚಪ್ಪಲಿ ಮೆಟ್ಟಿ, ಜೀರ್ ಜೀರ್ ಸದ್ದು ಮಾಡುತ್ತ ಅದೇ ಮನೆಯ ಮುಂದೆ ಹೋಗುತ್ತಿದ್ದ. ಅತ್ತ ಕಡೆ ಅವನಿಗೆ ಯಾವ ಕೆಲಸವೂ ಇರಲಿಲ್ಲ! ಹೋಗುತ್ತಿದ್ದ, ತಿರುಗಿ ಬರುತ್ತಿದ್ದ, ಅಷ್ಟೇ.

"ಕಾಲಾಗ ಏನಲೇ ಅದು?" ಗೌಡರು ಕಟ್ಟೆಯ ಮೇಲಿಂದ ಕೇಳಿದರು.

"ಚಪ್ಪಲಿ ರೀ ಗೌಡ್ರ. ನಿಮ್ಮ ಕಾಲಾಗೂ ಅದಾವಲ್ರಿ."

"ಕಚೇರಿ ನೌಕರ ಅಂತ ಸೊಕ್ಕೇನು?"

"ಕಚೇರಿಗೆ ಇವತ್ತ ಸೂಟಿ ರೀ. ಇವತ್ತ ನಾ ಬರೇ ನಾನೇ."

ಸರಕಾರದ ಆಳಿನ ಮೈ ಮುಟ್ಟಲು ಗೌಡರಿಗೆ ಧೈರ್ಯ ಸಾಲಲಿಲ್ಲ. ಅಪ್ಪನನ್ನು ಹೊಲದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಅಪ್ಪ ಮಸ್ಕಿಗೆ ಕಲ್ಲು ಒಡೆಯಲು ಹೋಗತೊಡಗಿದ. ಅವ್ವ ಅಳುತ್ತ ಬೇಡಿಕೊಂಡಳು: "ಹಿಂದಿನ ಹಾದಿ ಸುತ್ತಾಕಿ ಹೋಗೋ ಯಪ್ಪಾ."

"ಸುತ್ತಾಕಿದ್ರ ಚಪ್ಪಲಿ ಸವೀತಾವ ಬೇ" ಅಂದ ಅಣ್ಣ. ಅಪ್ಪ ಮಾತ್ರ ನಕ್ಕ.

ಗೌಡರು ಲಿಂಗಸುಗೂರಿಗೇ ಹೋಗಿ ಫಿರ್ಯಾದಿ ಹೇಳಿದರು. ಸಾಹೇಬರು ಅವರ ಎದುರಿಗೇ ಅಣ್ಣನನ್ನು ಕರೆಸಿದರು.

"ಗೌಡ್ರ ಮನಿ ಮುಂದ ಚಪ್ಪಲಿ ಯಾಕ ಹಾಕ್ಕೊಂಡಿ?"

"ಹಾದ್ಯಾಗ ಮುಳ್ಳು ಭಾಳ ಅದಾವ್ರಿ."

ಸಾಹೇಬರು ಕೆಮ್ಮಿದಂತೆ ಮಾಡಿ, ಅಣ್ಣನನ್ನು ಸಿಂಧನೂರಿಗೆ ಬದಲಿ ಮಾಡಿದರು. ಗೌಡರು ಸಲಾಮು ಹೊಡೆದು ಊರಿಗೆ ಬಂದರು. ಆದರೆ ಮಸ್ಕಿ ಇರುವುದು ಎರಡೂ ಊರುಗಳ ನಡುವೆ; ಸಿಂಧನೂರಿನಿಂದಲೂ ನಮ್ಮ ಹಳ್ಳಿ ಹೆಚ್ಚುಕಡಿಮೆ ಅಷ್ಟೇ ದೂರ! ಸಾಹೇಬರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹಾಗೆ ಮಾಡಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಮುಂದಿನ ಜುಮ್ಮಾಕ್ಕೆ ಅಣ್ಣ ಹಾಜರ್.

ಆದರೆ ಅವತ್ತು ಅವನ ಬಗಲಲ್ಲೊಂದು ಗಂಟು. ಬಿಚ್ಚಿದರೆ ಹೆಣ್ಣುಮಕ್ಕಳ ಚಪ್ಪಲಿ. ನನಗೆ. ಅಲ್ಲಿಯವರೆಗೆ ನನ್ನ ಕಾಲು ಚಪ್ಪಲಿ ಕಂಡಿರಲಿಲ್ಲ.

"ನನಗ ಬ್ಯಾಡಣ್ಣ" ಅಂದೆ. "ನಿನಗ ನೌಕರಿ ಐತಿ. ನನಗ ಏನೈತಿ?"

ಅಣ್ಣ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ನನ್ನ ಒಡೆದ ಹಿಮ್ಮಡಿಯ ಮಣ್ಣು ಒರೆಸಿ, ಚಪ್ಪಲಿಯನ್ನು ತಾನೇ ತೊಡಿಸಿದ.

ಇಬ್ಬರೂ ಹೊರಟೆವು. ಗೌಡರ ಮನೆ ಕಾಣುತ್ತಲೇ ಅಣ್ಣ ನನ್ನ ಕೈ ಹಿಡಿದುಕೊಂಡ. ನನ್ನ ಬೆರಳು ನೋಯುವಷ್ಟು ಬಿಗಿ ಹಿಡಿತ.

"ಅಣ್ಣಾ, ನಿನಗೂ ಅಂಜಿಕಿ ಆಗತೈತೇನು?"

"ಪ್ರತಿ ಸಲಾನೂ ಆಗತೈತಿ ತಂಗೀ" ಅಂದ ಅಣ್ಣ. "ಇಷ್ಟು ದಿನ ಒಬ್ಬಾಂವ ಇದ್ದೆ. ನಡಿ."

ಗೌಡರು ಕಟ್ಟೆಯಿಂದ ಎದ್ದು ನಿಂತರು. ನಾವು ನಡೆದೆವು.